ಸಂಧಿಯಾಗದ ಸಂದು

ವ್ಯಾಕರಣ ಕಲಿಯುವ ಬಾಲಕನಿಗೆ ಆರಂಭದಲ್ಲಿಯೇ ಎದುರಾಗುವ ಪಾಠ ಸಂಧಿ. ಎರಡು ಸ್ವರಗಳು ಕೂಡಿದಲ್ಲಿ ಒಂದು ಲೋಪವಾಗುವುದುಂಟು. ನಡುವೆ ಯಕಾರವೋ ವಕಾರವೋ ಬಂದು ನಿಲ್ಲುವುದೂ ಉಂಟು. ಆದರೆ ‘ಅಯ್ಯೋ ಇದೇನು’ ಎನ್ನುವಾಗ ಆ ಎರಡು ಸ್ವರಗಳು ಪಕ್ಕಪಕ್ಕದಲ್ಲಿದ್ದೂ ಬೆಸೆಯುವುದಿಲ್ಲ. ವೈಯಾಕರಣರು ಇದನ್ನು ಪ್ರಕೃತಿಭಾವವೆಂದರು. ಬೆಸೆಯದಿರುವುದೂ ಭಾಷೆಯಲ್ಲಿ ಒಂದು ನಿಯಮವೇ. ಈ ನಿಯಮವು ಕಲ್ಲುಗಾರೆಯ ಕೆಲಸಕ್ಕೂ ಸಲ್ಲುತ್ತದೆ ಎಂಬುದನ್ನು ಸಿಂಧನೂರು ಸೀಮೆಯ ಒಂದು ಹಳೆಯ ಈಜುಕೊಳವು ತೋರಿಸಿಕೊಟ್ಟಿತು.

ದಶಕಗಳ ಹಿಂದೆ ಒಂದು ವಿದ್ಯಾಲಯದ ಮಕ್ಕಳಿಗಾಗಿ ಕಟ್ಟಿಸಿದ ಕೊಳವದು. ಆ ಸೀಮೆಯಲ್ಲಿ ಈಜು ವಿಲಾಸದ ವಿದ್ಯೆಯಲ್ಲ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಎಡದಂಡೆಯ ಕಾಲುವೆ. ಬೇಸಗೆಯ ಮಧ್ಯಾಹ್ನ ಮಕ್ಕಳು ನೀರಿಗಿಳಿಯದೆ ಇರಲಾರರು. ಈಜು ಬಾರದವನಿಗೆ ಕಾಲುವೆಯ ಸೆಳವು ಕರುಣೆ ತೋರದು. ಆದುದರಿಂದಲೇ ಕೊಳದ ಅಂಚಿನ ಹಾಸು ಒಡೆದು, ಪ್ರವೇಶವನ್ನು ನಿಲ್ಲಿಸಬೇಕಾಗಿ ಬಂದಾಗ ಅಲ್ಲಿಯ ವ್ಯಾಯಾಮದ ಮಾಸ್ತರರಿಗೆ ನಿದ್ರೆ ಬಾರದಾಯಿತು.

ದುರಸ್ತಿಗೆಂದು ಕರೆಸಿದ್ದು ನದೀತೀರದ ಮುಕ್ಕುಂದದ ಒಬ್ಬ ವಯೋವೃದ್ಧ ಗೌಂಡಿಯನ್ನು. ಆತ ಅಂಚಿನ ಸುತ್ತ ಒಮ್ಮೆ ನಡೆದು, ಕುಕ್ಕರಗಾಲಿನಲ್ಲಿ ಕುಳಿತು, ಉಳಿಯಿಂದ ಒಂದು ಕಡೆ ಕೆದರಿ ನೋಡಿದ.

“ಮಾಸ್ತರ್ರೀ, ಈ ಸಂದಿನ್ಯಾಗ ಸಿಮೆಂಟ್ ತುಂಬಿದವರು ಯಾರ್ರೀ?”

“ಬಿರುಕು ಬಿಟ್ಟಿತ್ತು, ಗಟ್ಟಿಯಾಗಲಿ ಎಂದು ಹಿಂದೆ ಯಾರೋ ತುಂಬಿಸಿದರು.”

“ಗಟ್ಟಿ ಆಗಿದ್ದೇ ತಪ್ಪಾತು ನೋಡ್ರಿ. ಎರಿ ಭೂಮಿ ಉಸಿರಾಡತೈತಿ. ಅದಕ ಜಾಗಾ ಬಿಡಬೇಕು.”

ಆ ಮಾತಿನಲ್ಲಿ ಶಾಸ್ತ್ರವೇ ಅಡಗಿತ್ತು. ಕೊಳದ ಗೋಡೆ ಬೇರೆ, ಅದರ ಸುತ್ತಲಿನ ಹಾಸು ಬೇರೆ. ನೀರಿನ ತಂಪಿನಲ್ಲಿರುವ ಗೋಡೆ ಹೆಚ್ಚು ಅಲುಗದು. ಬಿಸಿಲಿಗೆ ಮೈಯೊಡ್ಡಿದ ಹಾಸು ಹಗಲು ಹಿಗ್ಗಿ ಇರುಳು ಕುಗ್ಗುವುದು. 10 ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಕಾವೇರಿದರೆ ಸುಮಾರು 3 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಕಣ್ಣಿಗೆ ಕಾಣದ ಈ ಬೆಳವಣಿಗೆಗೆ ಎಡೆಯಿಲ್ಲದಿದ್ದರೆ ಕಲ್ಲೂ ಸೀಳುತ್ತದೆ. ಆದುದರಿಂದ ಎರಡರ ನಡುವೆ ಬೆರಳಗಲದ ಸಂದನ್ನು ಬಿಟ್ಟು, ರಬ್ಬರಿನಂತೆ ಹಿಗ್ಗಿ ಕುಗ್ಗುವ ಲೇಪವನ್ನು ತುಂಬುತ್ತಾರೆ. ಬಿಸಿಲಿಗೂ ಕೊಳದ ಔಷಧದ ನೀರಿಗೂ ಸಿಕ್ಕಿ ಆ ಲೇಪವು ವರ್ಷಗಳಲ್ಲಿ ಒಣಗಿ ಬಿರಿಯುವುದು ಸಹಜ. ಬಿರಿದಲ್ಲಿ ನೀರು ಒಳಗಿಳಿದರೆ ಎರೆಮಣ್ಣು ಉಬ್ಬಿ ಹಾಸನ್ನು ಮೇಲೆತ್ತುತ್ತದೆ. ಒಣಗಿದರೆ ಕುಸಿದು ಹಾಸನ್ನು ಪೊಳ್ಳಿನ ಮೇಲೆ ನಿಲ್ಲಿಸುತ್ತದೆ. ಅಂತಹ ಸಂದಿಗೆ ಸಿಮೆಂಟು ತುಂಬಿದ್ದು ಪ್ರಕೃತಿಭಾವದ ಸ್ಥಾನದಲ್ಲಿ ಬಲಾತ್ಕಾರದಿಂದ ಸಂಧಿ ಮಾಡಿದಂತಾಗಿತ್ತು.

ಗೌಂಡಿಯು ಕೊಳವನ್ನು ಪೂರ್ತಿ ಬರಿದು ಮಾಡಗೊಡಲಿಲ್ಲ. ಬರಿದಾದ ತೊಟ್ಟಿಯನ್ನು ನೆಲದೊಳಗಿನ ನೀರು ಕೆಳಗಿನಿಂದ ಎತ್ತಿಬಿಡುವ ಭಯವುಂಟು. ಅಂಚಿನ ಕೆಳಗೆ ಗೇಣುದ್ದ ನೀರನ್ನು ಇಳಿಸಿ, ಹಳೆಯ ಸಿಮೆಂಟನ್ನೂ ಕೊಳೆತ ಲೇಪವನ್ನೂ ಚೂರೂ ಉಳಿಯದಂತೆ ತೆಗೆಸಿದ. ಎದ್ದಿದ್ದ ಹಾಸುಗಳನ್ನು ಬಿಚ್ಚಿಸಿ, ಅಡಿಯ ಮಣ್ಣನ್ನು ಬದಲಿಸಿ ದಮ್ಮಸು ಮಾಡಿಸಿ, ನೀರು ಕೊಳದಿಂದ ಹೊರಗೆ ಹರಿಯುವಂತೆ ವಾಟ ಕೊಟ್ಟು ಮತ್ತೆ ಹಾಸಿಸಿದ. ಸಂದನ್ನು ಬ್ರಷ್ಷಿನಿಂದ ಉಜ್ಜಿ ಪೂರ್ಣ ಒಣಗಲು ಬಿಟ್ಟ. ಬಳಿಕ ತಳಕ್ಕೆ ಮೆತ್ತನೆಯ ಫೋಮಿನ ಹಗ್ಗವನ್ನು ಒತ್ತಿ, ಅದರ ಮೇಲೆ ಪಾಲಿಸಲ್ಫೈಡ್ ಲೇಪವನ್ನು ತುಂಬಿದ. ಸಂದು 20 ಮಿಲಿಮೀಟರ್ ಅಗಲವಿದ್ದರೆ ಲೇಪದ ಆಳ 10 ಮಿಲಿಮೀಟರ್ ಸಾಕು. ಅದು ಎರಡು ಪಕ್ಕಗಳಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದು. ಮೂರೂ ಕಡೆ ಅಂಟಿದರೆ ಹಿಗ್ಗಲಾರದೆ ಹರಿಯುತ್ತದೆ. ಹಗ್ಗದ ಪ್ರಯೋಜನವೇ ಇದು.

ಈ ಕೆಲಸ ನಡೆಯುವ ಮೊದಲೇ ಇನ್ನೊಂದು ಪ್ರಶ್ನೆ ಎದ್ದಿತ್ತು. ಅಕ್ಕಿಗಿರಣಿಯ ಹಳೆಯ ವಿದ್ಯಾರ್ಥಿಯೊಬ್ಬರು ಕೊಳಕ್ಕೆ ಹೊಳಪಿನ ಹಾಸನ್ನೂ ಒಂದು ಅಮೃತಶಿಲೆಯ ಫಲಕವನ್ನೂ ಕೊಡಲು ಮುಂದಾಗಿದ್ದರು. ಮಾಸ್ತರರು ಸಂಕೋಚದಿಂದಲೇ, ಆ ಹಣ ಸಂದಿಗೆ ಬೇಕೆಂದರು. “ಸಂದಿನಲ್ಲಿ ಹೆಸರು ಕೆತ್ತಿಸಲು ಸ್ಥಳವೆಲ್ಲಿ ಮಾಸ್ತರೇ?” ಎಂದು ಆ ಮಹನೀಯರು ನಕ್ಕರು. ಗೌಂಡಿ ಕೆದರಿ ತೆಗೆದ ಸಿಮೆಂಟಿನ ಚೂರುಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ ಮೇಲೆ ನಗು ನಿಂತಿತು. ಫಲಕವನ್ನು ಕೈಬಿಟ್ಟರು; ಪ್ರತಿವರ್ಷ ಬೇಸಗೆಗೆ ಮುನ್ನ ಸಂದನ್ನು ಪರೀಕ್ಷಿಸುವ ವೆಚ್ಚವನ್ನೂ ವಹಿಸಿಕೊಂಡರು.

ಕಟ್ಟುವವರಿಗೆ ಉತ್ಸವವುಂಟು, ಕಾಯುವವರಿಗೆ ಇಲ್ಲ. ಇದರ ಬೆಲೆಯನ್ನು ಆ ಸೀಮೆಯ ರೈತರು ಬಲ್ಲರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ತಡೆಯನ್ನು ಇಳಿಸಿ ನೀರನ್ನು ನಿಲ್ಲಿಸಲು ಸುಮಾರು ಒಂದು ವಾರ ಬೇಕಾಯಿತು. ಅಷ್ಟು ದಿನವೂ ಬತ್ತದ ಗದ್ದೆಗಳವರು ಉಸಿರು ಬಿಗಿಹಿಡಿದಿದ್ದರು. ಕಟ್ಟಡದ ಬೃಹತ್ತ್ವವು ಅದರ ಒಂದು ಕೊಂಡಿಯನ್ನು ಕಾಯಲಾರದು; ಕೊಂಡಿಯೇ ಕಟ್ಟಡವನ್ನು ಕಾಯಬೇಕು.

ಲೇಪ ಒಣಗಿದ ದಿನ ಗೌಂಡಿಯು ಹೆಬ್ಬೆರಳಿನಿಂದ ಸಂದನ್ನು ಒತ್ತಿ ನೋಡಿದ. ಅದು ತುಸು ತಗ್ಗಿ, ಬೆರಳೆತ್ತಿದೊಡನೆ ಮೊದಲಿನಂತಾಯಿತು. “ಈಗ ಮಕ್ಕಳ್ನ ಬಿಡ್ರಿ” ಎಂದು ಚೀಲವನ್ನು ಹೆಗಲಿಗೇರಿಸಿ ಮುಕ್ಕುಂದದ ದಾರಿ ಹಿಡಿದ. ಅವನ ಬೆನ್ನ ಹಿಂದೆ ನೀರಿಗೆ ಧುಮುಕಿದ ಮಕ್ಕಳಲ್ಲಿ ಒಬ್ಬನಾದರೂ ತನ್ನ ಕಾಲಡಿಯ ಆ ಕಪ್ಪುಗೆರೆಯನ್ನು ಗಮನಿಸಲಿಲ್ಲ.