ನೆಟ್ಟಗಾಗದ ಎರಡು ಬೆರಳು

ಬೆರಳಿಗೆ ಪೆಟ್ಟಾದ ಹೊತ್ತಿಗೆ ನಾನು ಮನೆಯಲ್ಲಿ ಕಟ್ಟುತ್ತಿದ್ದ ರೇಡಿಯೋ ಕಂಟ್ರೋಲ್ ವಿಮಾನದ ಕೆಲಸ ಮುಕ್ಕಾಲು ಪಾಲು ಮುಗಿದಿತ್ತು. ಐದಡಿ ಉದ್ದದ ಒಂದೇ ರೆಕ್ಕೆ, ಒಡಲಿನ ಮೇಲೆ ಕೂರುವಂಥದ್ದು. ಹೊಸಬರು ಹಾರಿಸಿ ಕಲಿಯುವ ಟ್ರೇನರ್ ಮಾದರಿ. ಕಿಟ್ ತರಿಸಿದ್ದಲ್ಲ. ಮೇಜಿನ ಮೇಲೆ ನಕ್ಷೆ ಹರಡಿ, ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಬಾಲ್ಸಾ ಕಡ್ಡಿಗಳನ್ನು ಗುಂಡುಸೂಜಿ ಚುಚ್ಚಿ ನಿಲ್ಲಿಸಿ ಅಂಟಿಸಿದ್ದು. ನಾನು ಶಿವಮೊಗ್ಗದಲ್ಲಿ ಐಟಿಐ ಬೋಧಕ, ಫಿಟ್ಟರ್ ವಿಭಾಗ. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ಹತ್ತಿದ ಹುಚ್ಚು ಐವತ್ತು ದಾಟಿದ ಮೇಲೆ ಮತ್ತೆ ಕೆರಳಿತ್ತು. ಎರಡು ಪ್ಲೈವುಡ್ ಅಚ್ಚುಗಳ ನಡುವೆ ಬಾಲ್ಸಾ ತುಂಡುಗಳನ್ನು ಒತ್ತಾಗಿ ಜೋಡಿಸಿ, ಬೋಲ್ಟ್ ಬಿಗಿದು, ಅರ ಹಾಕಿ ಉಜ್ಜಿದರೆ ರೆಕ್ಕೆಯ ರಿಬ್ಬುಗಳೆಲ್ಲ ಒಂದೇ ಅಳತೆಗೆ ಬರುತ್ತವೆ. ಕಬ್ಬಿಣ ಉಜ್ಜಿದ ಕೈಗೆ ಬಾಲ್ಸಾ ಬೆಣ್ಣೆ. ಈಕ್ವೆಡಾರ್‌ನಿಂದ ಬರುವ ಈ ಮರ ಎಷ್ಟು ಹಗುರವೆಂದರೆ, ಇಡೀ ರೆಕ್ಕೆಯ ಚೌಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯಬಹುದಿತ್ತು.

ಉಳಿದದ್ದು ರೆಕ್ಕೆಗೆ ಹೊದಿಕೆ ಹಾಕುವುದು, ಮೋಟಾರು ಪರೀಕ್ಷಿಸುವುದು. ಮಳೆಗಾಲ ಶುರುವಾಗಿತ್ತು. ಗಾಳಿಯಲ್ಲಿ ತೇವ ಇದ್ದರೆ ಹೊದಿಕೆಯ ಕೆಲಸ ಕೆಡುತ್ತದೆಂದು ಮೋಟಾರನ್ನು ಮೊದಲು ಕೈಗೆತ್ತಿಕೊಂಡೆ. ಅಕ್ಕನ ಮಗ ಜೊತೆಗಿದ್ದ, ಎರಡನೇ ಪಿಯುಸಿ ಹುಡುಗ. ಈ ಪರೀಕ್ಷೆಗೆ ಪ್ರೊಪೆಲ್ಲರ್ ಇರಲೇಬೇಕು, ಯಾಕೆಂದರೆ ಅದು ಗಾಳಿಯನ್ನು ತಳ್ಳುವಾಗ ಮೋಟಾರು ಎಷ್ಟು ಕರೆಂಟು ಎಳೆಯುತ್ತದೆ ಅನ್ನುವುದೇ ತಿಳಿಯಬೇಕಾದದ್ದು. ವಿಮಾನದ ಬಾಲವನ್ನು ಮೇಜಿನ ಕಾಲಿಗೆ ಹಗ್ಗದಿಂದ ಕಟ್ಟಿ, ಬ್ಯಾಟರಿಗೂ ಮೋಟಾರಿಗೂ ನಡುವೆ ವ್ಯಾಟ್ ಮೀಟರ್ ಸಿಕ್ಕಿಸಿದೆವು. ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ, 11.1 ವೋಲ್ಟ್. ಪ್ರೊಪೆಲ್ಲರ್ ಹತ್ತು ಇಂಚು. ಹುಡುಗ ಥ್ರಾಟಲ್ ಪೂರ್ತಿ ಏರಿಸಿದ. 20 ಆಂಪಿಯರ್, ಹೆಚ್ಚುಕಡಿಮೆ 220 ವ್ಯಾಟ್. 1.3 ಕಿಲೋ ತೂಕದ ವಿಮಾನಕ್ಕೆ ಅಷ್ಟು ಧಾರಾಳ. ನಾನು ಖುಷಿಯಾಗಿ ‘ಸಾಕು, ಆಯ್ತು’ ಅಂದೆ. ಅವನು ಥ್ರಾಟಲ್ ಇಳಿಸಿದ. ಮೋಟಾರು ನಿಂತಿತು.

ನಾನು ಬ್ಯಾಟರಿ ಕೀಳಲು ಮೂತಿಯ ಕೆಳಗೆ ಕೈ ಹಾಕಿದೆ. ಕೆಲಸ ಮುಗಿಯಿತೆಂದು ಅವನು ಟ್ರಾನ್ಸ್‌ಮಿಟರ್ ಆಫ್ ಮಾಡಿದ.

ಸಿಗ್ನಲ್ ತಪ್ಪಿದಾಗ ಏನು ಮಾಡಬೇಕೆಂದು ರಿಸೀವರಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಅದನ್ನು ಫೇಲ್‌ಸೇಫ್ ಅನ್ನುತ್ತಾರೆ. ಎಷ್ಟೋ ರಿಸೀವರುಗಳಲ್ಲಿ, ಟ್ರಾನ್ಸ್‌ಮಿಟರಿನೊಂದಿಗೆ ಬೈಂಡ್ ಮಾಡುವ, ಅಂದರೆ ಜೋಡಿ ಬೆಸೆಯುವ ಗಳಿಗೆಯಲ್ಲಿ ಅದರ ಹಿಡಿಕಡ್ಡಿಗಳು ಎಲ್ಲಿದ್ದವೋ ಆ ಸ್ಥಾನವೇ ನೆನಪಿನಲ್ಲಿ ಉಳಿಯುತ್ತದೆ. ನನ್ನದು ಸೆಕೆಂಡ್ ಹ್ಯಾಂಡ್ ಸೆಟ್. ಹಿಂದೆ ಅದನ್ನು ಬೈಂಡ್ ಮಾಡಿದವರ ಥ್ರಾಟಲ್ ಅರ್ಧಕ್ಕಿತ್ತು. ಟ್ರಾನ್ಸ್‌ಮಿಟರ್ ಆರಿದ್ದೇ ತಡ, ರಿಸೀವರ್ ತನಗೆ ಗೊತ್ತಿದ್ದಂತೆ ಮೋಟಾರಿಗೆ ಅರ್ಧ ವೇಗ ಕೊಟ್ಟಿತು. ಪೂರ್ತಿ ವೇಗದಲ್ಲಿ ಈ ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 8000 ಸುತ್ತು ತಿರುಗುತ್ತದೆ. ಅಲಗಿನ ತುದಿ ಗಂಟೆಗೆ 380 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಅರ್ಧವೂ ಬೆರಳಿಗೆ ಬೇಕಾದ್ದಕ್ಕಿಂತ ಹೆಚ್ಚೇ.

ಟಪ್ ಅಂತ ಒಂದು ಸದ್ದು. ಅಲಗಿನ ತುದಿ ಮುರಿದು ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಮೋಟಾರು ಇನ್ನೂ ಕಿರುಚುತ್ತಾ ನಡುಗುತ್ತಲೇ ಇತ್ತು. ಆಗ ಹುಡುಗ ಮಾಡಿದ್ದನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಕೂಗಲಿಲ್ಲ, ತಂತಿ ಕೀಳಲು ನುಗ್ಗಲಿಲ್ಲ. ಟ್ರಾನ್ಸ್‌ಮಿಟರನ್ನು ಮತ್ತೆ ಆನ್ ಮಾಡಿದ. ಥ್ರಾಟಲ್ ಕೆಳಗೇ ಇತ್ತಲ್ಲ, ಮೋಟಾರು ತಣ್ಣಗಾಯಿತು.

ಕೈ ಎತ್ತಿ ನೋಡಿದೆ. ಬೆರಳುಗಳೆಲ್ಲ ಇದ್ದವು. ತೋರುಬೆರಳು, ನಡುಬೆರಳು ಮಾತ್ರ ಜೋತು ಬಿದ್ದಿದ್ದವು. ನೆಟ್ಟಗೆ ಮಾಡಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಏಳಲಿಲ್ಲ. ಬೆರಳ ಗಿಣ್ಣಿನ ಮೇಲೆ ಚರ್ಮ ಬಾಯಿ ಬಿಟ್ಟು, ಒಳಗೆ ಬೆಳ್ಳಗಿನ ಪಟ್ಟಿಯಂಥದ್ದು ಕಂಡಿತು. ರಕ್ತ ಬಂದದ್ದು ಆಮೇಲೆ. ಹೆಂಡತಿ ಅಡುಗೆಮನೆಯಿಂದ ಓಡಿಬಂದು ಒಗೆದ ಟವೆಲ್ ಸುತ್ತಿ, ಕೈ ಮೇಲೆತ್ತಿ ಹಿಡೀರಿ ಅಂದಳು. ಹುಡುಗ ಆಟೋ ತಂದ. ದಾರಿಯುದ್ದಕ್ಕೂ ‘ಮಾವ, ನಾನು ಆಫ್ ಮಾಡಿದ್ದಷ್ಟೇ, ಮಾವ’ ಅನ್ನುತ್ತಿದ್ದ. ನನಗೂ ಆಗ ಅಷ್ಟೇ ಗೊತ್ತಿದ್ದದ್ದು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಹೇಗಾಯಿತೆಂದು ಕೇಳಿದರು. ವಿಮಾನದ ಪ್ರೊಪೆಲ್ಲರ್ ತಗುಲಿತು ಅಂದೆ. ಅವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಡ್ರೋನಾ ಅಂದರು. ಅಲ್ಲ, ರೇಡಿಯೋ ಕಂಟ್ರೋಲ್ ವಿಮಾನ, ಮನೆಯಲ್ಲೇ ಕಟ್ಟಿದ್ದು ಅಂದೆ. ಕೊನೆಗೆ ಅವರು ಚೀಟಿಯಲ್ಲಿ ‘ಆಟಿಕೆ’ ಅಂತ ಬರೆದುಕೊಂಡರು. ಆ ನೋವಿನಲ್ಲೂ ನನಗೆ ಸ್ವಲ್ಪ ಅವಮಾನವಾಯಿತು ಅಂದರೆ ನಂಬಬೇಕು.

ಎಕ್ಸ್‌ರೇಯಲ್ಲಿ ನಡುಬೆರಳಿನ ಮೂಳೆಯ ಚಕ್ಕೆ ಎದ್ದದ್ದು ಕಂಡಿತು. ಬೆರಳನ್ನು ನೆಟ್ಟಗೆ ಮಾಡುವ ಟೆಂಡನ್ ಎರಡೂ ಬೆರಳಲ್ಲಿ ಕತ್ತರಿಸಿಹೋಗಿತ್ತು. ಕತ್ತಿನ ಬುಡದಲ್ಲಿ ಸೂಜಿ ಚುಚ್ಚಿ ಇಡೀ ತೋಳು ಮರಗಟ್ಟಿಸಿದರು. ಎಚ್ಚರವಿತ್ತು, ಆದರೆ ಮಗ್ಗುಲಲ್ಲಿ ಬಿದ್ದಿದ್ದ ಕೈ ನನ್ನದೆಂದು ಅನ್ನಿಸುತ್ತಿರಲಿಲ್ಲ. ರಕ್ತ ತಡೆಯಲು ತೋಳಿಗೆ ಬಿಗಿದ ಪಟ್ಟಿ ಕೊನೆಕೊನೆಗೆ ಹಿಂಡತೊಡಗಿತು, ಶಸ್ತ್ರಚಿಕಿತ್ಸೆಯಲ್ಲಿ ನನಗೆ ನೋವಾದದ್ದು ಅಲ್ಲಿ ಮಾತ್ರ. ಸರ್ಜನ್ ಹೊಲಿಯುತ್ತಲೇ ವಿಮಾನದ ಬಗ್ಗೆ ಕೇಳಿದರು: ರೆಕ್ಕೆ ಎಷ್ಟುದ್ದ, ಎಷ್ಟು ಎತ್ತರ ಹೋಗುತ್ತದೆ. ಇನ್ನೂ ಹಾರಿಲ್ಲ ಅಂದೆ.

ಗಾಯ ಬೇಗ ಒಣಗಿತು. ಬಾಧೆ ಕೊಟ್ಟದ್ದು ಆಮೇಲಿನ ದಿನಗಳು. ಹೊಲಿದ ಟೆಂಡನ್ ಹರಿಯದಂತೆ ಬೆರಳುಗಳನ್ನು ನೆಟ್ಟಗೆ ಸ್ಪ್ಲಿಂಟಿನಲ್ಲಿ ಕಟ್ಟಿದ್ದರು. ಎಡಗೈಯಲ್ಲಿ ಚಮಚ ಹಿಡಿದು ಸಾರನ್ನ ತಿನ್ನುವುದು, ಹಾಜರಿ ಪುಸ್ತಕದಲ್ಲಿ ಒಂದನೇ ಕ್ಲಾಸಿನ ಹುಡುಗನ ಅಕ್ಷರದಲ್ಲಿ ಸಹಿ ಮಾಡುವುದು, ಷರಟಿನ ಗುಂಡಿಗೆ ಹೆಂಡತಿಯನ್ನು ಕರೆಯುವುದು. ಅರ ಹಿಡಿದು ತೋರಿಸಬೇಕಾದ ಮೇಷ್ಟ್ರು ಬಾಯಲ್ಲಿ ಪಾಠ ಹೇಳತೊಡಗಿದೆ. ಸಹೋದ್ಯೋಗಿಗಳು ಮೊದಲು ಮರುಕಪಟ್ಟರು, ಆಮೇಲೆ ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಅಂದರು. ಅಮ್ಮ ನೀವಾಳಿಸಿದಳು.

ಸ್ಪ್ಲಿಂಟ್ ಬಿಚ್ಚಿದಾಗ ಬೆರಳು ಮಡಿಸಲು ಬರಲಿಲ್ಲ. ಟೆಂಡನ್ ಕೂಡಿಕೊಂಡಿತ್ತು, ಆದರೆ ಸುತ್ತಲಿನ ಚರ್ಮಕ್ಕೂ ಅಂಟಿಕೊಂಡಿತ್ತು. ಮಡಿಸಿದರೆ ಮೇಲಿನ ಚರ್ಮವೂ ಜೊತೆಗೆ ಎಳೆಯುತ್ತಿತ್ತು. ಫಿಸಿಯೋಥೆರಪಿಯಲ್ಲಿ ಕರಗಿದ ಬಿಸಿ ಮೇಣದಲ್ಲಿ ಕೈ ಅದ್ದಿಸಿ, ಬೆರಳನ್ನು ಒಂದೊಂದಾಗಿ ಒತ್ತಿ ಮಡಿಸುತ್ತಿದ್ದರು. ಅಲ್ಲಿದ್ದ ಹುಡುಗಿಯ ದನಿ ಮೆತ್ತಗೆ, ಕೈ ಗಟ್ಟಿ. ‘ಸರ್, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಅನ್ನುತ್ತಲೇ ಕಣ್ಣಲ್ಲಿ ನೀರು ಬರಿಸುತ್ತಿದ್ದಳು. ಹೊಲಿಗೆ ಹಾಕಿಸಿಕೊಂಡಾಗ ನಾನು ಅತ್ತಿರಲಿಲ್ಲ. ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಿಜವಾಗಿ ಅತ್ತಿದ್ದೇನೆ.

ಮನೆಯಲ್ಲಿ ಮಾಡಲು ಅವಳು ಹೇಳಿದ ವ್ಯಾಯಾಮಗಳಲ್ಲಿ ಒಂದು ಬಟ್ಟೆ ಒಣಹಾಕುವ ಕ್ಲಿಪ್ಪು: ತೋರುಬೆರಳು ಹೆಬ್ಬೆರಳ ನಡುವೆ ಹಿಡಿದು ಒತ್ತಿ ತೆರೆಯಬೇಕು, ತಂತಿಗೆ ಸಿಕ್ಕಿಸಬೇಕು, ತೆಗೆಯಬೇಕು. ಕ್ಲಿಪ್ಪುಗಳು ಎಲ್ಲಿ ಅಂತ ಹೆಂಡತಿ ಹುಡುಕಿದರೆ, ಎಲ್ಲವೂ ನನ್ನ ವಿಮಾನದ ಡಬ್ಬಿಯಲ್ಲಿದ್ದವು. ಅಂಟು ಒಣಗುವ ತನಕ ಬಾಲ್ಸಾ ಹಿಡಿದಿಡಲು ಅವಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಹಾಗೆ ಆ ಕೋಣೆಯ ಬಾಗಿಲು ತೆರೆಯಬೇಕಾಯಿತು.

ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಆ ದಿನ ಯಾರೂ ಅದನ್ನು ಕಿತ್ತಿರಲಿಲ್ಲ. ರಿಸೀವರಿಗೆ ಕರೆಂಟು ಕೊಡುತ್ತಾ ಪೂರ್ತಿ ಬರಿದಾಗಿ, ವಾರಗಟ್ಟಲೆ ಹಾಗೇ ಉಳಿದು ಕೆಟ್ಟಿತ್ತು. ಅಂಥದ್ದನ್ನು ಮತ್ತೆ ಚಾರ್ಜಿಗೆ ಹಾಕಿದರೆ ಬೆಂಕಿ ಹೊತ್ತುವ ಅಪಾಯವಿದೆ. ಮರಳು ತುಂಬಿದ ಬಕೆಟ್ಟಿನಲ್ಲಿಟ್ಟು ಹೊರಗೆ ಹಾಕಿಸಿದೆ. ಗೋಡೆಗೆ ಒರಗಿಸಿದ್ದ ರೆಕ್ಕೆಯ ಎಡಭಾಗ ಮಳೆಗಾಲದ ತೇವಕ್ಕೆ ತಿರುಚಿಕೊಂಡಿತ್ತು. ಹಿಂಬದಿಯ ಅಂಚು ಆ ಕಡೆ ಮೇಲೆದ್ದಿತ್ತು. ಹಾಗೇ ಹಾರಿಸಿದರೆ ವಿಮಾನ ಒಂದೇ ಮಗ್ಗುಲಿಗೆ ಉರುಳುತ್ತದೆ. ಕೈಗೆ ಆದದ್ದಕ್ಕೆ ಬರದ ಸಿಟ್ಟು ಆ ರೆಕ್ಕೆ ನೋಡಿ ಬಂತು.

ಇದಕ್ಕೆ ಮದ್ದು ಹೊದಿಕೆಯಲ್ಲೇ ಇದೆ. ಕಡಿಮೆ ಶಾಖಕ್ಕೆ ಅಂಟಿ, ಹೆಚ್ಚು ಶಾಖಕ್ಕೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಫಿಲ್ಮ್ ಅದು. ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿದು ಇಸ್ತ್ರಿ ಆಡಿಸಿದರೆ, ಬಿಗಿದ ಫಿಲ್ಮೇ ಅದನ್ನು ಸರಿಯಾದ ಆಕಾರದಲ್ಲಿ ಹಿಡಿದಿಡುತ್ತದೆ. ಆದರೆ ತಿರುಚಲು ಎರಡು ಕೈ, ಇಸ್ತ್ರಿಗೆ ಮೂರನೆಯದು ಬೇಕು. ನನಗಿದ್ದದ್ದು ಒಂದೂವರೆ.

ಅಕ್ಕನ ಮಗ ಆ ದಿನದಿಂದ ನಮ್ಮ ಮನೆ ಕಡೆ ತಲೆ ಹಾಕಿರಲಿಲ್ಲ. ಫೋನ್ ಮಾಡಿದರೆ ಓದೋದಿದೆ ಅನ್ನುತ್ತಿದ್ದ. ನಾನು ಅವನ ಮನಸ್ಸು ಹಗುರ ಮಾಡಲು ಕರೆದೆ ಅಂತ ಅಕ್ಕ ಊರೆಲ್ಲ ಹೇಳಿಕೊಂಡು ತಿರುಗಿದ್ದಾಳೆ. ನಿಜ ಹೇಳಬೇಕೆಂದರೆ ನನಗೆ ಕೈ ಬೇಕಿತ್ತು. ‘ಇಸ್ತ್ರಿ ಹಿಡಿಯೋರು ಯಾರೂ ಇಲ್ಲ, ಬಾ’ ಅಂದೆ. ಬಂದ. ಬಂದವನು ನನ್ನ ಕೈ ಕಡೆ ನೋಡದೆ ರೆಕ್ಕೆಯ ಕಡೆಯೇ ನೋಡುತ್ತಾ ನಿಂತ. ಅಂಗೈ ಮಗುಚಿ ಗಾಯದ ಗೆರೆ ತೋರಿಸಿದೆ. ಮುಟ್ಟಿ ನೋಡಿದ. ‘ಇಲ್ಲಿ ಸ್ಪರ್ಶ ಗೊತ್ತಾಗುತ್ತಾ ಮಾವ?’ ಅಂದ. ಸ್ವಲ್ಪ ಗೊತ್ತಾಗುತ್ತೆ ಅಂದೆ. ಅಷ್ಟೇ. ಕ್ಷಮೆ, ಸಮಾಧಾನ ಯಾವ ಮಾತೂ ಆಗಲಿಲ್ಲ. ಫಿಲ್ಮಿನ ಹಿಂಬದಿಯ ಹಾಳೆ ಬಿಡಿಸಲು ಕೂತೆವು.

ಮೊದಲು ಅಂಚುಗಳು, ಆಮೇಲೆ ನಡುಭಾಗ. ಸುಕ್ಕು ಬಂದ ಕಡೆ ಅವನು ಅವಸರಪಟ್ಟು ಇಸ್ತ್ರಿ ಒತ್ತಿಬಿಡುತ್ತಿದ್ದ. ಹಾಗೆ ಮಾಡಿದರೆ ತೂತು ಬೀಳುತ್ತದೆ. ಮುಟ್ಟಿಸು, ಎಳೆಯಬೇಡ ಅಂತ ಹೇಳಿಕೊಟ್ಟೆ. ರೆಕ್ಕೆಯ ತುದಿಯ ಬಾಗಿನಲ್ಲಿ ಫಿಲ್ಮ್ ಎಳೆದು ಹಿಡಿಯುವ ಕೆಲಸವನ್ನು ನಾನೇ ಮಾಡಿದೆ, ಎಡಗೈಯಿಂದಲ್ಲ, ಬಲಗೈಯಿಂದ. ಫಿಸಿಯೋ ಹುಡುಗಿ ಅದನ್ನು ಕೇಳಿ, ಸರ್, ಇದನ್ನೇ ದಿನಾ ಮಾಡಿ ಅಂದಳು. ಮಾಡಲು ಇನ್ನೊಂದು ರೆಕ್ಕೆ ಎಲ್ಲಿಂದ ತರಲಿ?

ಮೋಟಾರಿನ ಪರೀಕ್ಷೆಯನ್ನು ನಾನು ಮುಂದೂಡುತ್ತಲೇ ಹೋದೆ. ಹೊಸ ರಿಸೀವರ್ ತರಿಸಿ, ಥ್ರಾಟಲ್ ಪೂರ್ತಿ ಕೆಳಗಿಟ್ಟು ಬೈಂಡ್ ಮಾಡಿದ್ದಾಯಿತು. ಪ್ರೊಪೆಲ್ಲರ್ ಬಿಚ್ಚಿ ಮೋಟಾರು ತಿರುಗಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟಾರು ನಿಲ್ಲುವುದನ್ನು ನೋಡಿದ್ದೂ ಆಯಿತು. ಆದರೂ ಪ್ರೊಪೆಲ್ಲರ್ ಹಾಕಿದ ದಿನ ಬ್ಯಾಟರಿಯ ಕನೆಕ್ಟರ್ ಹಿಡಿದ ನನ್ನ ಕೈ ಮೂತಿಯ ಹತ್ತಿರ ಹೋಗಲೊಲ್ಲದು. ಹೋದಾಗಲೂ ಬಿಗಿಯಾದ ಆ ಕನೆಕ್ಟರನ್ನು ಒತ್ತಿ ಕೂರಿಸುವ ಶಕ್ತಿ ಬೆರಳಿಗಿರಲಿಲ್ಲ. ಹುಡುಗ ‘ಕೊಡಿ ಮಾವ’ ಅಂದು, ಪಕ್ಕದಿಂದ ಬಂದು, ಕೈಯನ್ನು ಪ್ರೊಪೆಲ್ಲರಿನ ಹಿಂದೆಯೇ ಇಟ್ಟುಕೊಂಡು ಸಿಕ್ಕಿಸಿದ. ನಾನು ಟ್ರಾನ್ಸ್‌ಮಿಟರನ್ನು ಎದೆಗವಚಿಕೊಂಡು ನಿಂತಿದ್ದೆ, ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟು ಯಾರೂ ಮುಟ್ಟದ ಹಾಗೆ.

ಹಾರಿಸಿದ್ದು ಭತ್ತದ ಕೊಯ್ಲು ಮುಗಿದ ಮೇಲೆ. ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇರುವುದರಿಂದ ಅದರ ಸುತ್ತಮುತ್ತ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣದ ಜಾಗ ನೋಡಿ, ನೆಂಟರ ಗದ್ದೆಗೆ ಹೋದೆವು. ಬಯಲಿನಿಂದ ಗಾಳಿಗೆದುರಾಗಿ ಹುಡುಗ ಕೈಯಿಂದ ಎಸೆದ. ರೆಕ್ಕೆ ಸ್ವಲ್ಪ ಎಡಕ್ಕೆ ವಾಲಿತು. ತಿರುಚು ಪೂರ್ತಿ ಹೋಗಿರಲಿಲ್ಲ. ರೆಕ್ಕೆಯಂಚಿನ ಏಲಿರಾನ್‌ಗಳ ಟ್ರಿಮ್ ಬಲಕ್ಕೆ ಒತ್ತಿದ ಮೇಲೆ ನೆಟ್ಟಗಾಯಿತು. ಟ್ರಾನ್ಸ್‌ಮಿಟರಿಗೆ ಬೇಕಾದದ್ದು ಹೆಬ್ಬೆರಳು. ನನ್ನ ಹೆಬ್ಬೆರಳಿಗೆ ಏನೂ ಆಗಿರಲಿಲ್ಲ. ಇಳಿಸುವಾಗ ಕೊಯ್ದ ಭತ್ತದ ಕೂಳೆಗೆ ಚಕ್ರ ಸಿಕ್ಕಿ, ಕೆಳಗಿನ ಪ್ಲೈವುಡ್ ಕಿತ್ತುಬಂತು. ಪ್ರೊಪೆಲ್ಲರೂ ಮುರಿಯಿತು. ಹುಡುಗ ನನ್ನನ್ನು ದೂರವೇ ನಿಲ್ಲಿಸಿ, ಓಡಿಹೋಗಿ, ಮೊದಲು ಬ್ಯಾಟರಿ ಕಿತ್ತು, ಎತ್ತಿ ತೋರಿಸಿದ. ನಾನು ಆಮೇಲೆ ಟ್ರಾನ್ಸ್‌ಮಿಟರ್ ಆಫ್ ಮಾಡಿದೆ.

ನಡುಬೆರಳು ಈಗಲೂ ಅಂಗೈ ಮುಟ್ಟುವುದಿಲ್ಲ, ಚಳಿಗೆ ಸೆಟೆದುಕೊಳ್ಳುತ್ತದೆ. ಅರ ಹಿಡಿಯಬಲ್ಲೆ, ಹೊತ್ತು ಕಳೆದರೆ ನೋಯುತ್ತದೆ. ಕಿತ್ತುಹೋದ ಚಕ್ರದ ಜಾಗಕ್ಕೆ ಹುಡುಗ ದಪ್ಪನೆಯ ಪ್ಲೈವುಡ್ ಹಾಕಿ ಫೆವಿಕಾಲ್‌ನಿಂದ ಅಂಟಿಸಿದ್ದಾನೆ. ಕೆಲಸ ಒರಟಾಗಿದೆ, ಒಂದು ಬದಿಯಲ್ಲಿ ಅಂಟು ಒಸರಿದೆ. ಉಜ್ಜಿ ಸರಿಮಾಡೋ ಅಂದರೆ ಪರೀಕ್ಷೆ ಮುಗೀಲಿ ಮಾವ ಅನ್ನುತ್ತಾನೆ.