ಹಗ್ಗದ ಆಚೆಯ ತುದಿ

ನಮ್ಮ ಹಮ್ಮಿಗಿಯಲ್ಲಿ ಐವತ್ತು ದಾಟಿದ ಅಕ್ಕೋರು ರಜೆಯಲ್ಲಿ ಹೋಗುವುದೆಂದರೆ ತವರಿಗೆ, ಇಲ್ಲವೇ ಜಾತ್ರೆಗೆ. ನಾನು ಬಾದಾಮಿಗೆ ಹೊರಟರೆ ಓಣಿಯವರು "ಬನಶಂಕರಿಗೇನ್ರೀ?" ಎನ್ನುತ್ತಾರೆ. ಹೌದೆನ್ನುತ್ತೇನೆ. ಸುಳ್ಳೇನೂ ಅಲ್ಲ, ದೇವಿಗೆ ಕಾಯಿ ಒಡೆಸಿಯೇ ನಾವು ಬಂಡೆಗೆ ಹೋಗುವುದು. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುತ್ತೇನೆಂದರೆ ಯಾರು ನಂಬಿಯಾರು?

ಇದನ್ನು ಕಲಿಸಿದವಳು ನನ್ನ ಗೆಳತಿ, ದೈಹಿಕ ಶಿಕ್ಷಣದ ಶಿಕ್ಷಕಿ. ನನಗಾಗ ನಲವತ್ತೆಂಟು. ಗುಡಿ, ಮೇಣಬಸದಿಗಳಿಂದ ದೂರದ ಕೆಂಪು ಮರಳುಗಲ್ಲಿನ ಗೋಡೆಗಳು ಅವಳಿಗೆ ಕೈಗೆರೆಯಷ್ಟು ಪರಿಚಿತ. ಅಲ್ಲಿ ಮೊಳೆ ಹೊಡೆದಿಟ್ಟ ದಾರಿಗಳು ಬೇಕಾದಷ್ಟಿವೆ. ಅವಳಿಗೆ ಮಾತ್ರ ಹಳೆಯ ಪದ್ಧತಿಯೇ ಇಷ್ಟ. ಮುಂದೆ ಹೋಗುವವಳು ಕಲ್ಲಿನ ಸೀಳಿನಲ್ಲಿ ಲೋಹದ ತುಂಡು ಸಿಕ್ಕಿಸಿ, ಅದಕ್ಕೆ ಹಗ್ಗ ತೊಡಿಸುತ್ತ ಹತ್ತಬೇಕು. ಕೆಳಗಿನವಳು ಹಗ್ಗ ಹಿಡಿದಿರಬೇಕು, ಆಮೇಲೆ ಆ ತುಂಡುಗಳನ್ನೆಲ್ಲ ಬಿಡಿಸಿಕೊಳ್ಳುತ್ತ ತಾನೂ ಹತ್ತಬೇಕು. ಬಂಡೆಯ ಮೇಲೆ ಏನೂ ಉಳಿಯಬಾರದು.

ಬ್ರಿಟನ್ನಿನಲ್ಲಿ ಇದು ದೊಡ್ಡ ಸಂಪ್ರದಾಯ. ಮೊದಮೊದಲು ಅಲ್ಲಿಯವರು ಸೀಳಿಗೆ ಬೆಣಚುಕಲ್ಲು ತುರುಕುತ್ತಿದ್ದರಂತೆ, ಆಮೇಲೆ ಯಂತ್ರದ ನಟ್ಟು. ಈಗಲೂ ಆ ತುಂಡಿಗೆ ನಟ್ಟು ಎಂದೇ ಹೆಸರು. ಅವರ ದರ್ಜೆಗಳನ್ನು ಕೇಳಿ ನನಗೆ ನಗು ಬಂತು: 'ಕಷ್ಟ' ಎಂದು ಬರೆದದ್ದು ತೀರ ಸುಲಭದ ಸಾಲಿನದು, 'ಬಹಳ ಕಷ್ಟ'ವೂ ಹೊಸಬರಿಗೇ! ನಮ್ಮ ಇಲಾಖೆಯವರು ಇದನ್ನು ನೋಡದಿರಲಿ. 1921ರಲ್ಲೇ ಅಲ್ಲಿಯ ಹೆಂಗಸರು ಪಿನಾಕಲ್ ಕ್ಲಬ್ ಕಟ್ಟಿಕೊಂಡು, ಗಂಡಸರ ಹಗ್ಗದ ಹಿಂದೆ ನಡೆಯುವುದನ್ನು ಬಿಟ್ಟು ತಾವೇ ಮುಂದೆ ಹತ್ತಿದರು.

ಹೋದ ವರ್ಷ ಪೂರ್ತಿ ನಾವಿಬ್ಬರೂ ಮಾತು ಬಿಟ್ಟಿದ್ದೆವು. ನನ್ನ ಮಗಳು ಗೊತ್ತಾಗಿದ್ದ ಸಂಬಂಧ ಬಿಟ್ಟು ಪುಣೆಯ ನೌಕರಿ ಹಿಡಿದಳು. ಆ ವಿಚಾರ ಮೊದಲು ಹೇಳಿದ್ದು ನನಗಲ್ಲ, ಇವಳಿಗೆ. ಇವಳು "ಹೋಗು" ಎಂದಳು. ನನಗೆ ಒಂದು ಮಾತೂ ತಿಳಿಸಲಿಲ್ಲ. ಹೆತ್ತವಳು ನಾನು, ಕಡೆಗೆ ತಿಳಿದವಳೂ ನಾನೇ.

ಈ ಚಳಿಗಾಲದಲ್ಲಿ ಚೀಟಿ ಬಂತು. "ಹಗ್ಗಕ್ಕ ಇನ್ನೊಬ್ಬರು ಬೇಕು" ಅಷ್ಟೇ ಬರೆದಿತ್ತು. ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಗದಗಿನಲ್ಲಿ ರೈಲು ಹತ್ತಿದೆ.

ಬಂಡೆಯ ಬುಡದವರೆಗೂ ಮಾತಿಲ್ಲ. ಅವಳು ಹತ್ತತೊಡಗಿದಳು. ಮೂವತ್ತು ಅಡಿ ಮೇಲೆ ನಿಂತುಬಿಟ್ಟಳು. ಕೆಳಗಿನ ನಟ್ಟು ಬಹಳ ದೂರ ಉಳಿದಿತ್ತು, ಸೀಳು ಮುಚ್ಚಿತ್ತು, ಎಡಗಾಲು ಹೊಲಿಗೆ ಯಂತ್ರದ ಹಾಗೆ ನಡುಗುತ್ತಿತ್ತು. ಆ ಗಳಿಗೆಯಲ್ಲಿ ಮಗಳ ವಿಷಯ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ನೆನಪಾಯಿತು. ಅವಳ ಜೀವವೆಲ್ಲ ನನ್ನ ಈ ಬಲಗೈಯಲ್ಲಿದೆ ಎಂಬುದೂ ಹೊಳೆಯಿತು. ಅಂಗೈ ಬೆವೆತು ಹಗ್ಗ ಜಾರಿದಂತಾಯಿತು. ಇನ್ನೂ ಗಟ್ಟಿಯಾಗಿ ಹಿಡಿದೆ.

"ಹಿಡದೀಯೇನ?" ಮೇಲಿಂದ ಕೇಳಿದಳು.

"ಹಿಡದೀನಿ."

ಒಂದು ವರ್ಷದ ಮೇಲೆ ಅದೇ ಮೊದಲ ಮಾತು. ಅವಳು ಬಲಕ್ಕೆ ಸರಿದು, ಇನ್ನೊಂದು ಸೀಳು ಹುಡುಕಿ ನಟ್ಟು ಸಿಕ್ಕಿಸಿದಳು. ತುದಿ ಮುಟ್ಟಿ ಹಗ್ಗ ಬಿಗಿದು ನನ್ನನ್ನು ಕರೆದಳು.

ನನ್ನ ಸರದಿಯಲ್ಲಿ ಆ ಬಲಗಡೆಯ ನಟ್ಟು ಏನು ಮಾಡಿದರೂ ಬರಲಿಲ್ಲ. ಎಳೆದೆ, ತಟ್ಟಿದೆ, ಬೈದೆ. ಬೆರಳು ಕೆತ್ತಿ ರಕ್ತ ಬಂತು.

"ಬಿಟ್ಟು ಬಾರ, ಕೈ ಸೋತಾವು" ಎಂದು ಕೂಗಿದಳು.

ಮೇಲೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಒಂದು ಮಂಗ ದೂರ ಕೂತು ನಮ್ಮ ಗಂಟನ್ನೇ ನೋಡುತ್ತಿತ್ತು. ಅವಳು ನಟ್ಟು ಎಣಿಸಿ, "ಒಂದ ಕಡಿಮಿ ಆತು" ಎಂದಳು.

"ಅಲ್ಲೇ ಇರ್ಲಿ. ಮುಂದಿನ ಸಲ ತಗದರಾತು."

ಅವಳು ನನ್ನ ಬೆರಳಿಗೆ ನೀರು ಹಾಕಿ ತನ್ನ ಕರವಸ್ತ್ರ ಸುತ್ತಿದಳು. ಸ್ವಲ್ಪ ಹೊತ್ತು ಬಿಟ್ಟು, "ಆಕಿ ಹೆಂಗದಾಳ?" ಎಂದೆ.

"ಯಾರು?"

"ನನ್ನ ಮಗಳು. ನಿನಗ ಫೋನ್ ಮಾಡತಾಳಲ್ಲ, ನೀನ ಹೇಳು."

ಅವಳು ಹೇಳತೊಡಗಿದಳು. ರೈಲಿಗೆ ಇನ್ನೂ ಹೊತ್ತಿತ್ತು.