ಲೆಕ್ಕಕ್ಕೆ ಸಿಗದ ಚಳಿಗಾಲ

ನೌಕರಿಗಾಗಿ ನಾನು ತುಂಬಿದ ಅರ್ಜಿಗಳಲ್ಲೆಲ್ಲ ‘ಹವ್ಯಾಸ’ ಎಂಬ ಅಂಕಣದೆದುರು ‘ಪುಸ್ತಕ ಓದುವುದು’ ಎಂದು ಬರೆದಿದ್ದೇನೆ. ಕನ್ನಡ ಎಂ.ಎ. ಮಾಡಿದವನು ಬೇರೆ ಏನು ಬರೆದಾನು? ಈಗ ಓದುವುದೇ ಹೊಟ್ಟೆಪಾಡಾಗಿರುವುದರಿಂದ, ಆ ಅಂಕಣವನ್ನು ಮತ್ತೊಮ್ಮೆ ತುಂಬುವ ಪ್ರಸಂಗ ಬಂದರೆ ಪ್ರಾಮಾಣಿಕನಾಗಿ ಖಾಲಿ ಬಿಡಬೇಕಾದೀತು. ಹವಳಗಾದ ನನ್ನ ಸೋದರಮಾವನವರಿಗೆ ಈ ತೊಡಕಿಲ್ಲ. ಅವರಿಗೆ ಹವ್ಯಾಸವೆಂಬ ಶಬ್ದವೇ ತಿಳಿಯದು. ಚಳಿ ಬಿದ್ದೊಡನೆ ಹಗ್ಗ ಹೊಸೆಯುವುದು ತಿಳಿದಿದೆ.

ಹವಳಗಾ ಇರುವುದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ. ಭೀಮಾ ನದಿಯ ಸೀಮೆ, ಎರೆಯ ಹೊಲ. ಬೇಸಗೆಯಲ್ಲಿ 40 ಡಿಗ್ರಿ ದಾಟಿ ಕುದಿಯುವ ಈ ನೆಲ ಪುಷ್ಯದ ಕೆಲವು ರಾತ್ರಿಗಳಲ್ಲಿ 12 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಮಳೆಗಾಲದ ಕೊನೆಗೆ ಬಿತ್ತಿದ ಬಿಳಿಜೋಳ, ಎರೆಮಣ್ಣು ಹಿಡಿದಿಟ್ಟ ಹಸಿಯನ್ನೇ ಕುಡಿದು ಬೆಳೆಯುತ್ತದೆ. ತೊಗರಿಯ ರಾಶಿ ಮುಗಿಯಿತೆಂದರೆ ಜೋಳ ಕೊಯ್ಲಿಗೆ ಬರುವವರೆಗಿನ ಸಂಜೆಗಳೆಲ್ಲ ಒಕ್ಕಲಿಗನ ಸ್ವಂತ ಆಸ್ತಿ.

ನನ್ನ ಬಾಲ್ಯದ ಚಳಿಗಾಲಗಳು ಅಂಥ ಸಂಜೆಗಳಲ್ಲಿ ಕಳೆದವು. ಅತ್ತೆಯವರು ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಿದ್ದರು. ಯಾವ ಚೌಕ ಯಾರ ಮದುವೆಯ ಸೀರೆಯದೆಂದು ಹೇಳುತ್ತಲೇ ಸೂಜಿ ಓಡುತ್ತಿತ್ತು. ನೆರೆಮನೆಯ ಅಜ್ಜ ಏಕತಾರಿಯನ್ನು ತಾನೇ ಮಾಡಿಕೊಂಡು ತತ್ವಪದ ಹಾಡುತ್ತಿದ್ದ. ನಾವು ಹುಡುಗರು ರಾತ್ರಿ ಕಡಲೆಯ ಗಿಡಗಳ ಮೇಲೆ ಬಿಳಿಯ ಅರಿವೆ ಹಾಸಿ, ಬೆಳಗಿನ ಜಾವ ಇಬ್ಬನಿಯಲ್ಲಿ ತೊಯ್ದ ಅದನ್ನು ಹಿಂಡಿ ಕಡಲೆ ಹುಳಿ ಕೂಡಿಸುತ್ತಿದ್ದೆವು. ಹೊಟ್ಟೆನೋವಿಗೆ ಆ ಹುಳಿಯೇ ಮನೆಯ ಮದ್ದು. ಇದಾವುದಕ್ಕೂ ಅಂಗಡಿಗೆ ಒಂದು ಕಾಸು ಕೊಟ್ಟದ್ದಿಲ್ಲ.

ಮಾವನವರ ಪಾಲಿಗೆ ಪುಂಡಿ. ಅದರ ಎಲೆಯ ಪಲ್ಯವನ್ನು ನಮ್ಮ ಸೀಮೆಯವರೆಲ್ಲ ಬಲ್ಲರು. ಕಾಂಡದ ನಾರನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಕಾಂಡಗಳನ್ನು ಸಿವುಡು ಕಟ್ಟಿ ಹತ್ತು ಹದಿನೈದು ದಿನ ನೀರಲ್ಲಿ ಕೊಳೆಹಾಕಬೇಕು. ನಾರು ಸುಲಿದು, ತೊಳೆದು, ಒಣಗಿಸಿ, ತೊಡೆಯ ಮೇಲೆ ಹೊಸೆದು ಎಳೆ ಮಾಡಬೇಕು. ಮೂರು ಎಳೆ ಕೂಡಿದರೆ ಹಗ್ಗ. ಎತ್ತಿನ ಮೂಗುದಾರ, ಕರುವಿನ ಕಣ್ಣಿ, ಬೆಣ್ಣೆಯ ಗಡಿಗೆ ತೂಗುವ ನೆಲುವು ಎಲ್ಲವೂ ಅದರಿಂದಲೇ. ಆದರೆ ಎಳೆ ಕೂಡಿಸುವುದು ಒಬ್ಬನ ಕೆಲಸವಲ್ಲ. ಒಬ್ಬ ತಿರುವಬೇಕು, ಇನ್ನೊಬ್ಬ ತುದಿಯನ್ನು ಬಿಗಿಯಾಗಿ ಹಿಡಿದಿರಬೇಕು. ಹಿಡಿಯುವವನು ಮಾವನವರ ಮಗ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದಳು. ತೊಗರಿ ಕೊಳೆಯಿತು, ಮೇವಿನ ಬಣವೆ ತೇಲಿಹೋಯಿತು. ದೀಪಾವಳಿಯ ರಜೆಯಲ್ಲಿ ಹೋದ ನಾನು, ಪಟ್ಟಣದ ಬುದ್ಧಿಯನ್ನೆಲ್ಲ ಖರ್ಚುಮಾಡಿ ಮಾವನವರಿಗೆ ಒಂದು ಲೆಕ್ಕ ಬರೆದುಕೊಟ್ಟೆ. ನೀರು ನಿಂತರೆ ತೊಗರಿ ತಾಳದು, ಕಬ್ಬು ನಾಲ್ಕು ದಿನವಾದರೂ ತಾಳಿಕೊಂಡೀತು. ಸಕ್ಕರೆ ಕಾರ್ಖಾನೆ ಊರಲ್ಲೇ ಇದೆ. ಮೇವಿಲ್ಲದ ಎತ್ತುಗಳನ್ನು ಮಾರಿಬಿಡಿ. ಉಳುಮೆಗೆ ಬಾಡಿಗೆಯ ಟ್ರ್ಯಾಕ್ಟರ್ ಸಾಕು. ಮಾವನವರು ಲೆಕ್ಕವನ್ನು ಎರಡು ಸಲ ಓದಿಸಿ ಕೇಳಿ, ಹಾಗೆಯೇ ಮಾಡಿದರು. ಲೆಕ್ಕ ಸುಳ್ಳಾಗಲಿಲ್ಲ. ಸಾಲ ತೀರಿತು, ಮನೆಗೆ ಹೊಸ ಮಾಳಿಗೆ ಬಂತು, ಮಗನಿಗೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸವೂ ದೊರೆಯಿತು.

ಆದರೆ ಕಬ್ಬಿನ ಸ್ವಭಾವವೊಂದನ್ನು ನಾನು ಮರೆತಿದ್ದೆ. ಹಗಲಿನ ಒಣ ಬಿಸಿಲು, ರಾತ್ರಿಯ ಚಳಿ ಇವೆರಡೂ ಕೂಡಿದಾಗಲೇ ಅದರಲ್ಲಿ ಸಕ್ಕರೆಯ ಅಂಶ ಏರುತ್ತದೆ. ಕಡಿದ ಮೇಲೆ ತಡಮಾಡಿದರೆ ಆ ಸಿಹಿ ಇಳಿಯುತ್ತದೆ. ಆದ್ದರಿಂದ ಚಳಿಗಾಲವೆಲ್ಲ ಗಾಣ ನಿಲ್ಲುವಂತಿಲ್ಲ. ಹಗಲು ರಾತ್ರಿ ಮೂರು ಪಾಳಿ. ಯಾವ ಚಳಿ ಮೊದಲು ಊರಿಗೆ ಬಿಡುವು ತರುತ್ತಿತ್ತೋ ಅದೇ ಚಳಿ ಈಗ ಅವಸರ ತರುತ್ತದೆ.

ಹೋದ ಎಳ್ಳ ಅಮಾವಾಸ್ಯೆಗೆ ಹವಳಗಾಕ್ಕೆ ಹೋಗಿದ್ದೆ. ಹಬ್ಬಕ್ಕೆಂದೇ ಉಳಿಸಿಕೊಂಡ ಅರ್ಧ ಎಕರೆ ಜೋಳದಲ್ಲಿ ಚರಗ ಚೆಲ್ಲಿ, ಸಜ್ಜೆರೊಟ್ಟಿ, ಭಜ್ಜಿ, ಕಡುಬು ಉಂಡೆವು. ಪಕ್ಕದ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವರನ್ನೂ ಅತ್ತೆಯವರು ಕರೆದು ಬಡಿಸಿದರು. ಮಗ ಊಟಕ್ಕಿರಲಿಲ್ಲ, ಅವನದು ರಾತ್ರಿಪಾಳಿ, ಮನೆಯಲ್ಲಿ ಮಲಗಿದ್ದ.

ರಾತ್ರಿ ನೋಡುತ್ತೇನೆ, ಮಾವನವರು ಹಗ್ಗದ ತುದಿಯನ್ನು ಬರಿದಾದ ಗೋದಲಿಯ ಗೂಟಕ್ಕೆ ಕಟ್ಟಿ ಒಬ್ಬರೇ ತಿರುವುತ್ತಿದ್ದಾರೆ.

“ಎತ್ತೇ ಇಲ್ಲಲ್ಲ ಮಾವ, ಹಗ್ಗ ಯಾಕ ಹೊಸೀತೀರಿ?” ಎಂದೆ.

“ಎತ್ತು ಹೋದವು ಅಳಿಯಾ, ಕೈ ಎಲ್ಲಿ ಹೋಗ್ಯಾವ?” ಎಂದರು.

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಎಕರೆ, ಟನ್ನು, ಬಡ್ಡಿ ಎಲ್ಲವನ್ನೂ ಬರೆದಿದ್ದ ನಾನು ಈ ಸಂಜೆಗಳನ್ನು ಯಾವ ಅಂಕಣದಲ್ಲೂ ಬರೆದಿರಲಿಲ್ಲ. ಸುಮ್ಮನೆ ಹೋಗಿ ಗೂಟದಿಂದ ತುದಿ ಬಿಚ್ಚಿ ಹಿಡಿದುಕೊಂಡೆ. “ಬಿಗಿ ಹಿಡಿ!” ಎಂದರು. ಸೀಮೆಸುಣ್ಣ ಹಿಡಿದ ಬೆರಳುಗಳು ಗಳಿಗೆಯಲ್ಲಿ ಉರಿಯತೊಡಗಿದವು. ಅತ್ತೆಯವರು ಕೌದಿಯಿಂದ ಮುಖವೆತ್ತಿ ನಕ್ಕರು.

ಬೆಳಗಿನ ಚಳಿಯಲ್ಲಿ ಹಗ್ಗದ ಉಳಿದ ಮೊಳಗಳನ್ನು ಮತ್ತೆ ತೊಡಗಿದ್ದೆವು. ಪಾಳಿ ಮುಗಿಸಿ ಮಗ ಬಂದ. ಮೈಗೆಲ್ಲ ಬೆಲ್ಲದ ವಾಸನೆ, ಕಣ್ಣುಗಳಲ್ಲಿ ನಿದ್ದೆ. ಅಂಗಳದಲ್ಲಿ ಒಂದು ಕ್ಷಣ ನಿಂತು ನನ್ನ ಹಿಡಿತ ನೋಡಿದ. “ಸಡಿಲಾಗ್ಯದ, ಇಲ್ಲಿ ಕೊಡ್ರಿ,” ಎಂದು ಕೈಯಿಂದ ತುದಿ ತೆಗೆದುಕೊಂಡ. ತಂದೆ ಏನೂ ಅನ್ನಲಿಲ್ಲ. ತಿರುವುವ ವೇಗ ಮಾತ್ರ ಹೆಚ್ಚಿತು.

ಆ ಹಗ್ಗ ಈಗ ಕಲಬುರಗಿಯ ನಮ್ಮ ಬಾಡಿಗೆಮನೆಯ ಹಿತ್ತಲಲ್ಲಿದೆ. ನನ್ನ ಮಡದಿ ಅದರ ಮೇಲೆ ಅರಿವೆ ಹರವುತ್ತಾಳೆ. ಯಾವ ಅಂಗಡಿಯಲ್ಲಿ ಸಿಕ್ಕಿತೆಂದು ನೆರೆಯವರು ಕೇಳಿದಾಗ, ಒಂದು ಮೊಳವಾದರೂ ನನ್ನ ಕೈಯದೆಂದು ಹೇಳಿಕೊಳ್ಳುತ್ತೇನೆ. ಸಡಿಲಾಗಿರುವ ಮೊಳ ಯಾವುದೆಂದು ಮಾತ್ರ ತೋರಿಸುವುದಿಲ್ಲ.